ಶಾಲೆಯ ಅಂಗಳದಲ್ಲೊಂದು ವೀರಗಲ್ಲು: ಹಳೆಯ ವಿದ್ಯಾರ್ಥಿ ಯೋಧರ ಸ್ಮಾರಕ ನಿಲ್ಲಿಸುವ ಬಗೆ

ನಮ್ಮೂರ ಪ್ರೌಢಶಾಲೆಯ ದಾಖಲಾತಿ ಪುಸ್ತಕದಲ್ಲಿ ಒಂದು ಸಾಲಿದೆ. ಹುಡುಗನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಸೇರಿದ ತರಗತಿ, ಕೊನೆಯ ಅಂಕಣದಲ್ಲಿ ಶಾಲೆ ಬಿಟ್ಟ ಕಾರಣ: ‘ಹತ್ತನೇ ತರಗತಿ ತೇರ್ಗಡೆ’. ಆ ಹುಡುಗ ಸೇನೆಗೆ ಸೇರಿದ್ದು, ಗಡಿಯಲ್ಲಿ ಪ್ರಾಣ ಬಿಟ್ಟದ್ದು ಆ ಪುಸ್ತಕಕ್ಕೆ ಗೊತ್ತಿಲ್ಲ. ಊರಿಗೆ ಗೊತ್ತಿತ್ತು. ಬಸ್ ನಿಲ್ದಾಣದ ಬಳಿ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಹರಿದುಹೋಯಿತು. ಈಗ ಅದೇ ಶಾಲೆಯ ಒಂಬತ್ತನೇ ತರಗತಿಯ ಮಕ್ಕಳನ್ನು ಕೇಳಿದರೆ ಅವನ ಹೆಸರು ಹೇಳುವವರು ಸಿಗುವುದಿಲ್ಲ. ಹಳೆಯ ವಿದ್ಯಾರ್ಥಿಗಳಾದ ನಾವು ಕೆಲವರು ಸೇರಿ ಅಲ್ಲೊಂದು ಕಲ್ಲು ನಿಲ್ಲಿಸಲು ಹೊರಟಾಗ ಕಲಿತದ್ದನ್ನು, ಎಡವಿದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಶಾಲೆಯಲ್ಲೂ ಇಂಥ ಒಂದು ಸಾಲು ಇದ್ದರೆ ಉಪಯೋಗಕ್ಕೆ ಬಂದೀತು.

ಊರಿನ ವೃತ್ತದಲ್ಲಿ ಪ್ರತಿಮೆ ನಿಲ್ಲಿಸುವುದು ಬೇರೆ, ಶಾಲೆಯಲ್ಲಿ ಹೆಸರು ಕೆತ್ತಿಸುವುದು ಬೇರೆ. ವೃತ್ತದಲ್ಲಿ ನಿಂತವರು ವೀರರು. ಶಾಲೆಯಲ್ಲಿ ಅವರು ಮೊದಲು ವಿದ್ಯಾರ್ಥಿ, ಆಮೇಲೆ ಯೋಧ. ಇದೇ ಕೊಠಡಿಯಲ್ಲಿ ಮಗ್ಗಿ ಒಪ್ಪಿಸಿದವರು, ಇದೇ ನಲ್ಲಿಗೆ ಬಾಯಿಟ್ಟು ನೀರು ಕುಡಿದವರು. ಈ ಮಾತನ್ನು ಬಿಡದೆ ಹಿಡಿದುಕೊಂಡರೆ ಕಲ್ಲಿನ ಜಾಗ, ಬರಹ, ಅನಾವರಣದ ದಿನ ಎಲ್ಲವನ್ನೂ ತೀರ್ಮಾನಿಸುವುದು ಸುಲಭವಾಗುತ್ತದೆ.

ಹೆಸರೇ ಮುಖ್ಯ

ಸತ್ತವರಿಗೆ ಕಲ್ಲು ನಿಲ್ಲಿಸುವುದನ್ನು ನಮ್ಮ ನಾಡಿಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ. ಕ್ರಿ.ಶ. 890ರ ಸುಮಾರಿಗೆ ಸೇರಿದ ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಬೆಂಗಳೂರು ಎಂಬ ಹೆಸರು ನಮಗೆ ಅಷ್ಟು ಹಿಂದಿನಿಂದ ದೊರೆತಿರುವುದು ಕಾಳಗದಲ್ಲಿ ಮಡಿದವರ ನೆನಪಿನ ಕಲ್ಲಿನಿಂದ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೇ ಶತಮಾನದ ಶಾಸನದಲ್ಲಿ ಕಾಡುಹಂದಿಯೊಡನೆ ಸೆಣಸಿ ಸತ್ತ ನಾಯಿಯ ಹೆಸರೂ ಇದೆ: ಕಾಳಿ. ಅದರ ಒಡೆಯ ಮಣಲೇರನ ಹೆಸರೂ ಇದೆ.

ಇದರ ಪಕ್ಕದಲ್ಲಿ ಮೊದಲ ಮಹಾಯುದ್ಧದ ನಂತರ ಬ್ರಿಟಿಷ್ ಸರ್ಕಾರ ದಕ್ಷಿಣ ಭಾರತದ ಹಲವು ಊರುಗಳಲ್ಲಿ ಹಾಕಿಸಿದ ಫಲಕಗಳನ್ನು ಇಟ್ಟು ನೋಡಿ. ‘ಈ ಊರಿನಿಂದ ಇಷ್ಟು ಜನ 1914–1919ರ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ತೆತ್ತರು’ ಎಂಬ ಅರ್ಥದ ಎರಡು ಸಾಲು, ನಡುವೆ ಎರಡು ಅಂಕಿ. ಹೆಸರಿಲ್ಲ. ನೂರು ವರ್ಷದ ಬಳಿಕ ಆ ಊರಿನ ಯಾವ ಮನೆಯವರೂ ‘ಇವರು ನಮ್ಮವರು’ ಎಂದು ಆ ಅಂಕಿಯನ್ನು ಮುಟ್ಟಿ ಹೇಳಲಾರರು. ಹಾಗಾಗಿ ‘ನಮ್ಮ ಶಾಲೆಯ ಎಲ್ಲ ವೀರಯೋಧರಿಗೆ ನಮನ’ ಎಂದಷ್ಟೇ ಬರೆಸಿ ಕೈತೊಳೆದುಕೊಳ್ಳುವ ಯೋಚನೆ ಇದ್ದರೆ ಮೊದಲೇ ಬಿಟ್ಟುಬಿಡಿ. ಒಂದೇ ಹೆಸರಿದ್ದರೂ ಹೆಸರು ಬರಲಿ.

ಯಾರ ಹೆಸರು? ಹುಡುಕುವ ಮೊದಲೇ ತೀರ್ಮಾನಿಸಿ

ಈ ತೀರ್ಮಾನವನ್ನು ಪಟ್ಟಿ ಕೈಗೆ ಬರುವ ಮೊದಲೇ ಮಾಡಿ, ಬರವಣಿಗೆಯಲ್ಲಿ ಇಡಿ. ಪಟ್ಟಿ ಬಂದ ಮೇಲೆ ಮಾಡಲು ಹೋದರೆ ಅದು ಯಾರದೋ ಮಗನನ್ನು ಸೇರಿಸುವ, ಯಾರದೋ ಮಗನನ್ನು ಬಿಡುವ ಜಗಳವಾಗುತ್ತದೆ.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವು. ಶತ್ರುವಿನ ಗುಂಡಿಗೆ ಬಲಿಯಾದವರು ಮಾತ್ರವೇ, ಕರ್ತವ್ಯದ ಮೇಲಿದ್ದಾಗ ತೀರಿಕೊಂಡ ಎಲ್ಲರೂ ಸೇರುತ್ತಾರೆಯೇ? ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೆನೆಯಿರಿ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ, ಆರು ದಿನ ಹಿಮದಡಿಯಲ್ಲಿದ್ದು ಜೀವಂತವಾಗಿ ಹೊರಬಂದು, 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಅಲ್ಲಿ ಗುಂಡು ಹಾರಲಿಲ್ಲ. ಅವರನ್ನು ಹೊರಗಿಡುವ ನಿಯಮ ಸರಿಯಾದ ನಿಯಮವಾಗಲಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಸಿಆರ್‌ಪಿಎಫ್, ಬಿಎಸ್‌ಎಫ್ ಸಿಬ್ಬಂದಿ ಭೂಸೇನೆಯವರಲ್ಲ, ಅವರೂ ಸೇರಬೇಕೇ? ಪುಲ್ವಾಮದಲ್ಲಿ 2019ರಲ್ಲಿ ಮಡಿದ ಮಂಡ್ಯ ಜಿಲ್ಲೆಯ ಗುಡಿಗೆರೆಯ ಎಚ್. ಗುರು ಅವರು ಸಿಆರ್‌ಪಿಎಫ್‌ನವರು. ನಾವು ‘ದೇಶದ ಸಮವಸ್ತ್ರದಲ್ಲಿ ಕರ್ತವ್ಯದ ಮೇಲಿದ್ದಾಗ ಪ್ರಾಣ ಕಳೆದುಕೊಂಡ, ಈ ಶಾಲೆಯಲ್ಲಿ ಕನಿಷ್ಠ ಒಂದು ವರ್ಷ ಓದಿದ ಎಲ್ಲರೂ’ ಎಂದು ನಿಗದಿ ಮಾಡಿಕೊಂಡೆವು. ಒಂದೇ ವಾಕ್ಯ. ಮುಂದೆ ಎದ್ದ ಎಲ್ಲ ತಕರಾರುಗಳಿಗೂ ಅದೇ ಉತ್ತರವಾಯಿತು.

ಹುಡುಕಾಟ

ಊರಿನ ಮಾತಿನಿಂದ ಶುರುಮಾಡಿ, ದಾಖಲೆಯಿಂದ ಮುಗಿಸಿ. ನಿವೃತ್ತ ಮೇಷ್ಟ್ರುಗಳು, ಮಾಜಿ ಸೈನಿಕರ ಸಂಘದವರು, ಊರ ಅಂಚೆಯಣ್ಣ ಇವರು ಹೇಳುವ ಹೆಸರುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಪ್ರತಿ ಹೆಸರಿಗೂ ಎರಡು ದಾಖಲೆ ಬೇಕು. ಒಂದು ಶಾಲೆಯದು, ಇನ್ನೊಂದು ಸೇವೆಯದು.

ಶಾಲೆಯ ದಾಖಲಾತಿ ಪುಸ್ತಕವನ್ನು ಮುಖ್ಯೋಪಾಧ್ಯಾಯರ ಸಮ್ಮುಖದಲ್ಲೇ ನೋಡಿ, ಹೊರಗೆ ಒಯ್ಯಬೇಡಿ. ಹಳೆಯ ಪುಸ್ತಕಗಳ ಅಂಚು ಗೆದ್ದಲು ಹಿಡಿದು ಪುಡಿಯಾಗಿರುತ್ತದೆ, ಪುಟ ತಿರುವುವಾಗ ಅಂಗೈ ಕೆಳಗಿಟ್ಟು ನಿಧಾನವಾಗಿ ಮಗುಚಿ. ಮೊಬೈಲಿನಲ್ಲಿ ಆ ಪುಟದ ಚಿತ್ರ ತೆಗೆಯಲು ಅನುಮತಿ ಕೇಳಿ. ಚಿತ್ರದಲ್ಲಿ ಬೇರೆ ವಿದ್ಯಾರ್ಥಿಗಳ ವಿವರ ಬಂದಿದ್ದರೆ ಅದನ್ನು ಹಂಚಬೇಡಿ.

ಸೇವೆಯ ದಾಖಲೆಗೆ ಮೊದಲ ಬಾಗಿಲು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿ. ಕೆಲವೆಡೆ ಪಕ್ಕದ ಜಿಲ್ಲೆಯ ಕಚೇರಿಯೇ ನಿಮ್ಮ ಜಿಲ್ಲೆಯನ್ನೂ ನೋಡಿಕೊಳ್ಳುತ್ತಿರಬಹುದು. ಸೇವಾ ಸಂಖ್ಯೆ ಸಿಕ್ಕರೆ ಆಯಾ ರೆಜಿಮೆಂಟಿನ ದಾಖಲೆ ಕಚೇರಿಗೆ ಪತ್ರ ಬರೆಯಬಹುದು. ಮದ್ರಾಸ್ ರೆಜಿಮೆಂಟಿನ ಕೇಂದ್ರ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ, ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲಿದೆ, ಮದ್ರಾಸ್ ಎಂಜಿನಿಯರ್ ಗ್ರೂಪ್ ಬೆಂಗಳೂರಿನಲ್ಲಿದೆ. ಸ್ವಾತಂತ್ರ್ಯಾನಂತರ ಮಡಿದವರ 25,000ಕ್ಕೂ ಹೆಚ್ಚು ಹೆಸರುಗಳು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳ ಮೇಲಿವೆ. 2019ರ ಫೆಬ್ರವರಿಯಲ್ಲಿ ಲೋಕಾರ್ಪಣೆಯಾದ ಈ ಸ್ಮಾರಕದ ಜಾಲತಾಣದಲ್ಲಿ ಹೆಸರು ಹುಡುಕಬಹುದು.

ನಿಮ್ಮದು ನೂರು ವರ್ಷ ದಾಟಿದ ಶಾಲೆಯಾಗಿದ್ದರೆ ಎರಡು ಮಹಾಯುದ್ಧಗಳನ್ನೂ ನೋಡಬೇಕು. 1917ರಲ್ಲಿ ಸ್ಥಾಪನೆಯಾದ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಸುಮಾರು 17 ಲಕ್ಷ ಜನರ ದಾಖಲೆಗಳಿವೆ, ಭಾರತೀಯ ಸೈನಿಕರದೂ ಸೇರಿ. ಅಲ್ಲಿನ ಕೆಲವು ದಾಖಲೆಗಳಲ್ಲಿ ತಂದೆಯ ಹೆಸರು, ಊರು ಕೂಡ ಇರುತ್ತವೆ. ಇಂಗ್ಲಿಷ್ ಕಾಗುಣಿತವನ್ನು ನಾಲ್ಕಾರು ಬಗೆಯಲ್ಲಿ ಬದಲಿಸಿ ಹುಡುಕಿ. ಹಳೆಯ ಮೈಸೂರು ಸಂಸ್ಥಾನದ ಕಡೆಯವರು ಮೈಸೂರು ಲ್ಯಾನ್ಸರ್ಸ್ ಪಡೆಯನ್ನೂ ಗಮನದಲ್ಲಿಡಿ. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾದಲ್ಲಿ ಕಾದಾಡಿದ ಪಡೆ ಅದು, ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ.

ದಾಖಲೆ ಸಿಗದ ಹೆಸರನ್ನು ಅಳಿಸಬೇಡಿ, ಕಾಯಿರಿ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ಅವರು ಹೇಗೆ ಹೋರಾಡಿ ಮಡಿದರು ಎಂಬುದು ಎಷ್ಟೋ ವರ್ಷ ನಮ್ಮವರಿಗೆ ತಿಳಿದಿರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ನಂತರ. ಇಂಥ ಕಾರಣಕ್ಕಾಗಿಯೇ ಕಲ್ಲಿನ ಕೆಳಭಾಗದಲ್ಲಿ ಖಾಲಿ ಜಾಗ ಬಿಡಬೇಕು.

ಮನೆಯವರ ಬಳಿಗೆ

ಫೋನಿನಲ್ಲಿ ಮುಗಿಸಬೇಡಿ. ಇಬ್ಬರೇ ಹೋಗಿ, ಗುಂಪಾಗಿ ಹೋಗಬೇಡಿ. ಕ್ಯಾಮೆರಾ ಹೊರತೆಗೆಯಬೇಡಿ. ‘ಅಮ್ಮಾ, ಶಾಲೆಯಲ್ಲಿ ಅವರ ಹೆಸರು ಬರೆಸಬೇಕೆಂದಿದ್ದೇವೆ, ನಿಮ್ಮ ಒಪ್ಪಿಗೆ ಬೇಕು’ ಎಂದಷ್ಟು ಹೇಳಿ ಸುಮ್ಮನಾಗಿ. ಅವರು ಬೇಡ ಎಂದರೆ ಅದೇ ಕೊನೆಯ ಮಾತು. ಪತ್ನಿ ಒಂದು ಮನೆಯಲ್ಲಿ, ತಂದೆತಾಯಿ ಇನ್ನೊಂದು ಮನೆಯಲ್ಲಿ ಇರುವುದುಂಟು. ಎರಡೂ ಮನೆಗೆ ಹೋಗಬೇಕು, ಒಂದೇ ಮಾತನ್ನು ಹೇಳಬೇಕು.

ನಾವು ಹೋದ ಒಂದು ಮನೆಯಲ್ಲಿ ತಾಯಿ ಒಳಗಿನಿಂದ ಒಂದು ಟ್ರಂಕು ತರಿಸಿದರು. ಸೇನೆಯ ಕಾಗದಗಳಿದ್ದವು, ಪದಕವಿತ್ತು. ಅವರು ಅವನ್ನೆಲ್ಲ ಪಕ್ಕಕ್ಕಿಟ್ಟು ಅಡಿಯಿಂದ ಎಂಟನೇ ತರಗತಿಯ ಪ್ರಗತಿ ಪತ್ರ ತೆಗೆದರು. ನಾಲ್ಕು ಮಡಿಕೆಯಾಗಿ, ಮಡಿಕೆಯ ಗೆರೆಯಲ್ಲಿ ಕಾಗದ ಸವೆದು ಬೆಳಕು ಕಾಣುತ್ತಿತ್ತು. ಗಣಿತದಲ್ಲಿ ಮೂವತ್ತಾರು. ‘ಗಣಿತದಲ್ಲಿ ಪಾಸಾದದ್ದೇ ದೊಡ್ಡ ಹಬ್ಬ ನಮಗೆ’ ಎಂದರು. ಕಲ್ಲಿನ ಮೇಲೆ ಶಾಲೆಯಲ್ಲಿ ಓದಿದ ವರ್ಷಗಳನ್ನೂ ಬರೆಸಬೇಕು ಎಂದು ನಾವು ತೀರ್ಮಾನಿಸಿದ್ದು ಆ ದಿನ, ಆ ಮನೆಯ ಪಡಸಾಲೆಯಲ್ಲಿ.

ಏಳುವ ಮುನ್ನ ಒಂದು ಬಿಳಿ ಹಾಳೆಯ ಮೇಲೆ ಮನೆಯವರ ಕೈಯಲ್ಲೇ ಹೆಸರು, ಊರು, ದಿನಾಂಕ ಬರೆಸಿಕೊಳ್ಳಿ. ಇದಕ್ಕಿಂತ ದೊಡ್ಡ ದಾಖಲೆ ಬೇರೆ ಇಲ್ಲ. ಸೇನೆಯ ಕಾಗದಗಳಲ್ಲಿ ಹೆಸರು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ. ಅಲ್ಲಿಂದ ಕನ್ನಡಕ್ಕೆ ತಿರುಗಿಸುವಾಗ ಲ ಮತ್ತು ಳ, ನ ಮತ್ತು ಣ, ಹ್ರಸ್ವ ದೀರ್ಘ ಎಲ್ಲವೂ ಕಲಸಿಹೋಗುತ್ತವೆ. ಕಲ್ಲಪ್ಪ ಎಂಬ ಹೆಸರಿನಲ್ಲಿ ಒಂದೇ ಅಕ್ಷರ ತಪ್ಪಿದರೆ ಏನಾಗುತ್ತದೆ ಎಂದು ಯೋಚಿಸಿ ನೋಡಿ. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಕೊನೆಗೆ, ಹಳೆ ಮೈಸೂರಿನ ಕಡೆ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಮುಂದೆ. ಮನೆಯವರು ಹೇಗೆ ಬರೆಯುತ್ತಾರೋ ಹಾಗೆಯೇ ಇರಲಿ, ಎಲ್ಲವನ್ನೂ ಒಂದೇ ಅಚ್ಚಿಗೆ ಎಳೆಯಬೇಡಿ.

ಅನುಮತಿ ಮತ್ತು ಹಣ

ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ವಿಷಯವಿಟ್ಟು ನಡವಳಿ ಬರೆಸಿ, ಅದರ ಪ್ರತಿಯೊಂದಿಗೆ ಮುಖ್ಯೋಪಾಧ್ಯಾಯರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗೆ ಮನವಿ ಕೊಡಿ. ಅನುದಾನಿತ ಶಾಲೆಯಾದರೆ ಆಡಳಿತ ಮಂಡಳಿಯ ನಿರ್ಣಯ ಸಾಕಾದೀತು. ಜಾಗದ ನಕ್ಷೆ, ಕಲ್ಲಿನ ಅಳತೆ, ಪೂರ್ತಿ ಬರಹ ಮೂರನ್ನೂ ಮನವಿಗೆ ಲಗತ್ತಿಸಿ. ಆಮೇಲೆ ‘ಇನ್ನೊಂದು ಹೆಸರು ಸೇರಿಸಿ’ ಎಂದು ಯಾರು ಬಂದರೂ ಅನುಮತಿ ಪಡೆದ ಬರಹ ಇದು ಎಂದು ತೋರಿಸಬಹುದು.

ಹಣವನ್ನು ಸಂಘದ ಬ್ಯಾಂಕ್ ಖಾತೆಗೇ ಹಾಕಿಸಿ, ಪ್ರತಿ ರೂಪಾಯಿಗೂ ರಸೀದಿ ಕೊಡಿ. ಮಡಿದವರ ಮನೆಯವರಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳಬೇಡಿ, ಅವರೇ ಕೊಡಲು ಬಂದರೂ.

ಬರಹ

ನಾನು ಸೂಚಿಸುವ ಕ್ರಮ ಇದು:

ಹೆಸರು
ಊರು
ಈ ಶಾಲೆಯಲ್ಲಿ ಓದಿದ ವರ್ಷಗಳು
ಹುದ್ದೆ, ರೆಜಿಮೆಂಟ್
ಪ್ರಾಣ ಬಿಟ್ಟ ಸ್ಥಳ, ದಿನಾಂಕ, ವಯಸ್ಸು

ಹುದ್ದೆ ಹೆಸರಿನ ಮೊದಲು ಬರುವುದು ಸೇನೆಯ ರೂಢಿ. ಶಾಲೆಯಲ್ಲಿ ಹೆಸರು ಮೊದಲು ಬರಲಿ ಎಂಬುದು ನನ್ನ ಹಟ, ಹಾಜರಿ ಪುಸ್ತಕದಲ್ಲಿ ಹಾಗೆಯೇ ಇತ್ತಲ್ಲ. ವಯಸ್ಸನ್ನು ತಪ್ಪದೆ ಬರೆಸಿ. ಹದಿನೈದು ವರ್ಷದ ಹುಡುಗಿ ಆ ಸಂಖ್ಯೆಯಿಂದ ತನ್ನ ವಯಸ್ಸನ್ನು ಮನಸ್ಸಿನಲ್ಲೇ ಕಳೆಯುತ್ತಾಳೆ.

ಹೆಸರುಗಳು ಒಂದಕ್ಕಿಂತ ಹೆಚ್ಚಿದ್ದರೆ ಮಡಿದ ದಿನಾಂಕದ ಕ್ರಮದಲ್ಲಿ ಬರಲಿ, ಅಕ್ಷರದ ಗಾತ್ರ ಎಲ್ಲರಿಗೂ ಒಂದೇ ಇರಲಿ. ಅಧಿಕಾರಿಗೆ ದೊಡ್ಡದು, ಸಿಪಾಯಿಗೆ ಸಣ್ಣದು ಎಂಬುದು ಬೇಡ. ಹುದ್ದೆ, ಜನಾಂಗ, ಧರ್ಮ ನೋಡದೆ ಎಲ್ಲರಿಗೂ ಸಮಾನ ಗೌರವ ಎಂದು ಸಾರಿದ ಯುದ್ಧ ಸಮಾಧಿ ಆಯೋಗವೇ ಮೊದಲ ಮಹಾಯುದ್ಧದಲ್ಲಿ ಮಡಿದ ಆಫ್ರಿಕಾ ಮತ್ತು ಏಷ್ಯಾದ ಎಷ್ಟೋ ಸೈನಿಕರನ್ನು ಹೆಸರು ಹಿಡಿದು ಸ್ಮರಿಸಲಿಲ್ಲವೆಂದು 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಬೇಕಾಯಿತು.

‘ಹುತಾತ್ಮ’ ಎಂಬ ಪದವನ್ನು ನಾವೆಲ್ಲ ಗೌರವದಿಂದಲೇ ಬಳಸುತ್ತೇವೆ, ಆದರೆ ಸೇನೆಯ ಅಧಿಕೃತ ದಾಖಲೆಗಳಲ್ಲಿ ಅಂಥ ಪದವಿಲ್ಲ. ‘ಕರ್ತವ್ಯದ ಮೇಲಿದ್ದಾಗ ಪ್ರಾಣ ಕೊಟ್ಟರು’ ಎಂದು ಬರೆಸಿದರೆ ಯಾವ ದಾಖಲೆಯೊಂದಿಗೂ ತಿಕ್ಕಾಟವಿಲ್ಲ, ಮಗುವಿಗೂ ಅರ್ಥವಾಗುತ್ತದೆ. ನಾಲ್ಕು ಸಿಂಹಗಳ ರಾಷ್ಟ್ರ ಲಾಂಛನವನ್ನು ಕಲ್ಲಿಗೆ ಹಾಕಿಸಬೇಡಿ. ಅದರ ಬಳಕೆಯನ್ನು 2005ರ ಕಾಯ್ದೆ ನಿರ್ಬಂಧಿಸಿದೆ. ರೆಜಿಮೆಂಟಿನ ಚಿಹ್ನೆ ಬೇಕೆಂದರೆ ಆ ರೆಜಿಮೆಂಟನ್ನೇ ಕೇಳಿ.

ಇನ್ನು ದಾನಿಗಳ, ಶಾಸಕರ, ಅಧ್ಯಕ್ಷರ ಹೆಸರು. ನಮ್ಮ ಕಡೆಯ ಶಂಕುಸ್ಥಾಪನೆಯ ಕಲ್ಲುಗಳನ್ನು ನೀವು ನೋಡಿದ್ದೀರಿ, ಇಪ್ಪತ್ತು ಹೆಸರುಗಳ ಸಾಲು ಇರುತ್ತದೆ. ಈ ಕಲ್ಲಿನ ಮೇಲೆ ಅವು ಒಂದೂ ಬರಕೂಡದು. ವೀರಗಲ್ಲಿನಲ್ಲಿ ಕಲ್ಲು ನಿಲ್ಲಿಸಿದವರ ಹೆಸರು ಬರುವುದುಂಟು ನಿಜ. ‘ಹಳೆಯ ವಿದ್ಯಾರ್ಥಿಗಳು ನಿಲ್ಲಿಸಿದ್ದು’ ಎಂಬ ಒಂದು ಸಾಲನ್ನು ಬೇಕಿದ್ದರೆ ಕಲ್ಲಿನ ಹಿಂಬದಿಗೆ ಹಾಕಿಸಿ. ದಾನಿಗಳ ಪಟ್ಟಿ ಕಚೇರಿಯ ಕಡತದಲ್ಲಿರಲಿ.

ಕಲ್ಲು, ಜಾಗ, ಅಕ್ಷರ

ಬಯಲಿನಲ್ಲಿ ನಿಲ್ಲಿಸುವುದಾದರೆ ಗ್ರಾನೈಟ್ ಬಿಟ್ಟು ಬೇರೆ ಯೋಚಿಸಬೇಡಿ. ಅಮೃತಶಿಲೆ ಮಳೆಗೆ ಸವೆಯುತ್ತದೆ, ಶಹಾಬಾದ್ ಕಲ್ಲು ಪದರ ಬಿಡುತ್ತದೆ, ಹಿತ್ತಾಳೆ ಕಳುವಾಗುತ್ತದೆ. ಚಾಮರಾಜನಗರದ ಕಪ್ಪು ಕಲ್ಲು, ಇಳಕಲ್ಲಿನ ಕೆಂಪು ಕಲ್ಲು, ಸಾದರಹಳ್ಳಿಯ ಬೂದು ಕಲ್ಲು ಹೀಗೆ ನಿಮ್ಮ ಸೀಮೆಗೆ ಹತ್ತಿರದ ಕಲ್ಲನ್ನೇ ಆರಿಸಿ. ಪೂರ್ತಿ ಕನ್ನಡಿಯಂತೆ ಹೊಳಪು ಕೊಟ್ಟರೆ ಬಿಸಿಲಿನಲ್ಲಿ ಓದಲಾಗುವುದಿಲ್ಲ. ಬಣ್ಣ ತುಂಬಿದ ಅಕ್ಷರಕ್ಕಿಂತ ಆಳವಾಗಿ ಕೆತ್ತಿದ ಅಕ್ಷರ ಬಾಳುತ್ತದೆ, ಬಣ್ಣ ಹೋದರೂ ನೆರಳಿನಲ್ಲಿ ಓದಬಹುದು. ಕನ್ನಡದಲ್ಲಿ ಒತ್ತಕ್ಷರಗಳಿರುವುದರಿಂದ ಸಾಲುಗಳ ನಡುವೆ ಜಾಗ ಹೆಚ್ಚು ಬೇಕು, ಇಂಗ್ಲಿಷ್ ಫಲಕದ ಅಳತೆಯನ್ನೇ ಹಿಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಎರೆಮಣ್ಣಿನ ಊರಾದರೆ ಅಡಿಪಾಯವನ್ನು ಗಟ್ಟಿ ನೆಲ ಸಿಗುವವರೆಗೆ ತೆಗೆಸಿ, ಇಲ್ಲವಾದರೆ ಎರಡು ಬೇಸಿಗೆಯಲ್ಲಿ ಕಲ್ಲು ವಾಲುತ್ತದೆ.

ಜಾಗದ ವಿಷಯಕ್ಕೆ ಇಂಗ್ಲೆಂಡಿನ ವಿಂಚೆಸ್ಟರ್ ಕಾಲೇಜ್ ಎಂಬ ಶಾಲೆಯನ್ನು ನೋಡಬೇಕು. ಇಂಗ್ಲೆಂಡಿನ ಶಾಲೆಗಳಲ್ಲಿ ಯುದ್ಧ ಸ್ಮಾರಕಗಳು ದೊಡ್ಡ ಸಂಖ್ಯೆಯಲ್ಲಿ ಎದ್ದದ್ದು ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ಮತ್ತು ಮೊದಲ ಮಹಾಯುದ್ಧದ ನಂತರ. ದೆಹಲಿಯ ಸಚಿವಾಲಯ ಕಟ್ಟಡಗಳನ್ನು ರೂಪಿಸಿದ ಹರ್ಬರ್ಟ್ ಬೇಕರ್ ವಿಂಚೆಸ್ಟರ್‌ನಲ್ಲಿ ಕಟ್ಟಿದ ಕಂಬಸಾಲಿನ ಅಂಗಳ 1924ರಲ್ಲಿ ಲೋಕಾರ್ಪಣೆಯಾಯಿತು, ಸುಮಾರು 500 ಹಳೆಯ ವಿದ್ಯಾರ್ಥಿಗಳ ಹೆಸರು ಅದರ ಗೋಡೆಗಳ ಮೇಲಿವೆ. ಮಕ್ಕಳು ವಸತಿಗೃಹದಿಂದ ತರಗತಿಗೆ ಹೋಗುವಾಗ ಅದರ ನಡುವೆಯೇ ನಡೆದು ಹೋಗುತ್ತಾರೆ. ನಮಗೆ ಅಷ್ಟು ದೊಡ್ಡ ಕಟ್ಟಡ ಬೇಕಿಲ್ಲ, ಆ ಯೋಚನೆ ಸಾಕು. ಧ್ವಜಸ್ತಂಭದ ಹಿಂದೆ ಬೇಲಿ ಹಾಕಿ ಬೀಗ ಜಡಿದ ಮೂಲೆಗಿಂತ ಪ್ರಾರ್ಥನೆಯ ಅಂಗಳದಿಂದ ತರಗತಿಗೆ ಹೋಗುವ ದಾರಿಯ ಪಕ್ಕ ಒಳ್ಳೆಯದು. ಮಗು ಕೈಚಾಚಿದರೆ ಹೆಸರು ಮುಟ್ಟುವಷ್ಟು ಎತ್ತರದಲ್ಲಿರಲಿ.

ಕೆತ್ತುವ ಮೊದಲು ಹದಿನೈದು ದಿನ

ಇಡೀ ಕೆಲಸದಲ್ಲಿ ಅವಸರ ಮಾಡಲೇಬಾರದ ಹಂತ ಇದು. ನಮ್ಮ ಮೊದಲ ಕಲ್ಲು ಇಲ್ಲಿಯೇ ಹಾಳಾಯಿತು. ಬರಹವನ್ನು ‘ನುಡಿ’ ತಂತ್ರಾಂಶದ ಅಕ್ಷರಶೈಲಿಯಲ್ಲಿ ಟೈಪ್ ಮಾಡಿ ಕಳಿಸಿದ್ದೆವು. ಕೆತ್ತುವವರ ಗಣಕದಲ್ಲಿ ಆ ಶೈಲಿ ಇರಲಿಲ್ಲ, ಒತ್ತಕ್ಷರಗಳು ಜಾಗ ಬದಲಿಸಿದವು. ಅವರು ಕಂಡದ್ದನ್ನು ಕೆತ್ತಿದರು. ತಪ್ಪು ಅವರದಲ್ಲ, ನಮ್ಮದು. ಬರಹವನ್ನು ಯೂನಿಕೋಡ್‌ನಲ್ಲಿ ಸಿದ್ಧಪಡಿಸಿ, ಪಿಡಿಎಫ್ ಮಾಡಿ ಕಳಿಸಿ, ಅಲ್ಲಿಂದ ಬಂದ ಕರಡನ್ನು ಮತ್ತೆ ಓದಿ.

ಆಮೇಲೆ ಕಲ್ಲಿನ ನಿಜ ಅಳತೆಯಲ್ಲೇ ಕಾಗದದ ಮೇಲೆ ಮುದ್ರಿಸಿ, ಶಾಲೆಯ ಗೋಡೆಗೆ ಹದಿನೈದು ದಿನ ಅಂಟಿಸಿ. ಪಕ್ಕದಲ್ಲಿ ಪೆನ್ಸಿಲ್ ಕಟ್ಟಿಡಿ. ನಮ್ಮ ಎರಡನೆಯ ಕರಡಿನಲ್ಲಿ ಒಬ್ಬರು ಎಂಟನೇ ತರಗತಿಗೆ ಸೇರಿದ ವರ್ಷ ತಪ್ಪಿತ್ತು. ಅದನ್ನು ಹಿಡಿದವರು ಆಗ ಅವರ ತರಗತಿ ಶಿಕ್ಷಕರಾಗಿದ್ದ, ಈಗ ಎಂಬತ್ತು ದಾಟಿದ ಮೇಷ್ಟ್ರು. ಕೋಲೂರಿಕೊಂಡು ಬಂದು, ಕನ್ನಡಕ ಹಣೆಗೇರಿಸಿ, ಕಾಗದಕ್ಕೆ ಮುಖ ತಾಗುವಷ್ಟು ಹತ್ತಿರ ಹೋಗಿ ಓದಿದರು. ಕೊನೆಗೆ ಮನೆಯವರ ಸಹಿ ಪಡೆದ ಮೇಲೆಯೇ ಉಳಿ ಕಲ್ಲಿಗೆ ತಾಗಲಿ.

ಅನಾವರಣ

ತ್ರಿವರ್ಣ ಧ್ವಜವನ್ನು ಕಲ್ಲಿಗೆ ಹೊದಿಸಿ ಎಳೆಯುವುದು ನಮ್ಮಲ್ಲಿ ಕಾಣುವ ತಪ್ಪು. ಸ್ಮಾರಕಕ್ಕೆ ಹೊದಿಕೆಯಾಗಿ ರಾಷ್ಟ್ರಧ್ವಜ ಬಳಸುವುದು 1971ರ ರಾಷ್ಟ್ರೀಯ ಗೌರವ ಕಾಯ್ದೆಯಡಿ ಅಪರಾಧ. ಬಿಳಿಯ ಬಟ್ಟೆ ಸಾಕು. ಧ್ವಜ ಅದರ ಸ್ತಂಭದಲ್ಲಿ ಹಾರಾಡಲಿ.

ದಿನ ಯಾವುದಿರಬೇಕು? ಜುಲೈ 26ರ ಕಾರ್ಗಿಲ್ ವಿಜಯ ದಿನ, ಡಿಸೆಂಬರ್ 16ರ ವಿಜಯ ದಿನ, ಕಾರ್ಯಪ್ಪನವರು 1949ರಲ್ಲಿ ಸೇನೆಯ ದಂಡನಾಯಕತ್ವ ವಹಿಸಿಕೊಂಡ ನೆನಪಿನ ಜನವರಿ 15, ಇವು ಮೂರೂ ಶಾಲಾ ವರ್ಷದ ನಡುವೆಯೇ ಬರುತ್ತವೆ. ಒಬ್ಬರದೇ ಹೆಸರಿದ್ದರೆ ಅವರು ಮಡಿದ ದಿನವೇ ಒಳ್ಳೆಯದು, ಅದು ಬೇಸಿಗೆ ರಜೆಗೆ ಬೀಳದಿದ್ದರೆ. ಆದರೆ ಆ ದಿನ ಮನೆಯಲ್ಲಿ ಎಡೆ ಇಡುವ ಕ್ರಮವಿದೆಯೇ ಎಂದು ಮೊದಲು ಕೇಳಿ.

ಭಾಷಣಗಳು ಕಡಿಮೆಯಿರಲಿ. ಮನೆಯವರನ್ನು ವೇದಿಕೆಯ ಮೇಲೆ ಎರಡು ಗಂಟೆ ಕೂರಿಸಿ ಹಾರ ಹಾಕಿ ಕಳಿಸುವುದು ಗೌರವವಲ್ಲ. ನಮ್ಮಲ್ಲಿ ಹತ್ತನೇ ತರಗತಿಯ ಹುಡುಗಿಯೊಬ್ಬಳು ಹಾಜರಿ ಕರೆದಂತೆ ಹೆಸರುಗಳನ್ನು ಓದಿದಳು. ಪ್ರತಿ ಹೆಸರಿಗೂ ಇಡೀ ಶಾಲೆ ಎದ್ದು ನಿಂತು ‘ಹಾಜರ್’ ಎಂದಿತು. ಅಷ್ಟೇ ಕಾರ್ಯಕ್ರಮ.

ಹಳೆಯ ಫಲಕ ಆಗಲೇ ಇದ್ದರೆ

ಹಳೆಯ ಮಿಷನ್ ಶಾಲೆಗಳಲ್ಲಿ, ದಂಡು ಪ್ರದೇಶದ ಶಾಲೆಗಳಲ್ಲಿ ಮರದ ಹಲಗೆಯೋ ಹಿತ್ತಾಳೆ ಫಲಕವೋ ಇರುವುದುಂಟು. ಅದನ್ನು ಮುಟ್ಟುವ ಮೊದಲು ಎಲ್ಲ ಅಕ್ಷರವೂ ಕಾಣುವಂತೆ ಚಿತ್ರ ತೆಗೆಯಿರಿ. ಆಸಿಡ್, ತಂತಿಯ ಬ್ರಷ್, ನೀರಿನ ಒತ್ತಡದ ಯಂತ್ರ ಯಾವುದೂ ಬೇಡ. ಕಲ್ಲಾದರೆ ಬರೀ ನೀರು, ಮೆತ್ತನೆಯ ಬ್ರಷ್. ಮಾಸಿದ ಹೆಸರನ್ನು ಊಹಿಸಿ ಬಣ್ಣ ತುಂಬಲೇಬೇಡಿ, ಊಹೆಯೇ ಮುಂದೆ ದಾಖಲೆಯಾಗಿಬಿಡುತ್ತದೆ.

ಕಲ್ಲು ನಿಂತ ಮೇಲೆ

ಶಾಲೆಯ ಆಸ್ತಿ ವಹಿಯಲ್ಲಿ ಸ್ಮಾರಕವನ್ನು ನಮೂದಿಸಿ. ಹೊಸ ಮುಖ್ಯೋಪಾಧ್ಯಾಯರು ಅಧಿಕಾರ ವಹಿಸಿಕೊಳ್ಳುವಾಗ ಸಹಿ ಹಾಕುವ ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ಮುಂದಿನ ಕಟ್ಟಡ ದುರಸ್ತಿಯ ದಿನ ಜೆಸಿಬಿಗೆ ಅದು ಬರೀ ಕಲ್ಲು. ವರ್ಷಕ್ಕೊಮ್ಮೆ ಅಡಿಪಾಯದ ಬಿರುಕು, ಅಕ್ಷರದ ಪಾಚಿ ನೋಡಲು ಸಂಘದಲ್ಲಿ ಒಬ್ಬರನ್ನು ಹೆಸರಿಸಿ.

ಗ್ರಂಥಾಲಯದಲ್ಲಿ ಒಂದು ಪುಸ್ತಕ ಇಡಿ. ಕ್ಯೂಆರ್ ಕೋಡ್ ಹಾಕಿಸುವ ಸಲಹೆ ನಮಗೂ ಬಂದಿತ್ತು, ಆದರೆ ಜಾಲತಾಣದ ಶುಲ್ಕ ಕಟ್ಟುವವರು ಹತ್ತು ವರ್ಷದ ಬಳಿಕ ಯಾರಿರುತ್ತಾರೆ? ಪುಸ್ತಕದಲ್ಲಿ ಪ್ರತಿಯೊಬ್ಬರಿಗೂ ಕೆಲವು ಪುಟ ಮೀಸಲಿಡಿ. ಚಿತ್ರ, ಸೇವೆಯ ವಿವರ, ಜೊತೆಗೆ ಓದಿದವರ ನೆನಪು, ಮನೆಯವರು ಕೈಯಾರೆ ಬರೆದುಕೊಟ್ಟ ಹಾಳೆ ಎಲ್ಲವೂ ಅಲ್ಲಿರಲಿ. ದಾಖಲಾತಿ ಪುಸ್ತಕದ ಮೂಲ ಸಾಲಿಗೆ ಮಾತ್ರ ಏನನ್ನೂ ಸೇರಿಸಬೇಡಿ. ಅದು ಸರ್ಕಾರಿ ದಾಖಲೆ, ಅದರಲ್ಲಿ ತಿದ್ದುವ ಅಧಿಕಾರ ನಿಮಗಿಲ್ಲ. ಮುಖ್ಯೋಪಾಧ್ಯಾಯರಿಂದ ಆ ಸಾಲಿನ ದೃಢೀಕೃತ ನಕಲು ಪಡೆದು, ಅವರವರ ಮೊದಲ ಪುಟಕ್ಕೆ ಅದನ್ನೇ ಅಂಟಿಸಿ.